ಅಸ್ಕಾಲೆ ಕೊಟ್ಟ ತುತ್ತು

ಬಾಣಲೆಯಲ್ಲಿ ಗುರೆಳ್ಳು ಚಟಚಟ ಸಿಡಿಯತೊಡಗಿದಾಗ ತಿಪ್ಪೇರುದ್ರಮ್ಮನಿಗೆ ತಾನು ಯಾವ ಊರಿನಲ್ಲಿದ್ದೇನೆ ಎಂಬುದು ಒಂದು ಗಳಿಗೆ ತಪ್ಪಿಹೋಯಿತು. ಹೊಗೆಯ ವಾಸನೆ ಅದೇ, ಕರ್ರನೆಯ ಕಾಳು ಬಿಸಿಗೆ ಹೊರಳಾಡುವ ರೀತಿಯೂ ಅದೇ. ಹಿಂದಕ್ಕೆ ತಿರುಗಿದರೆ ದೂರದೇಶದ ಅಸ್ಕಾಲೆ ಬಾಗಿಲಿಗೆ ಒರಗಿಕೊಂಡು ನಿಂತಿರುತ್ತಾಳೆ ಅನ್ನಿಸಿ ತಿರುಗಿದಳು. ನಿಂತಿದ್ದವಳು ತಂಗಿ ನಾಗಲಿಂಗಮ್ಮ. ಮಗಳ ಮದುವೆ ನಾಳೆ ಇರುವ ತಾಯಿಯ ಮುಖ ಹೇಗಿರಬೇಕೋ ಹಾಗೆಯೇ ಇತ್ತು, ಅರ್ಧ ದಣಿವು, ಅರ್ಧ ಸಡಗರ. ಆದರೆ ಕಣ್ಣು ಮಾತ್ರ ಅಕ್ಕನ ಮುಖ ಬಿಟ್ಟು ಬಾಣಲೆಯ ಮೇಲಿತ್ತು. ಏನವ್ವ ಅಂದರೆ ಏನಿಲ್ಲ ಅಂದಳು. ಆಮೇಲೆ ಸೌಟು ತೆಗೆದು ಸುಮ್ಮನೆ ಕಾಳು ಕೆದಕುತ್ತ, "ಯಕ್ಕಾ, ಭೂಮದ ಊಟಕ್ಕ ಕೂಡ್ರೋ ಹೊತ್ತಿಗಿ ನೀ ಪಡಸಾಲಿ ಕಡಿ ಬರಬ್ಯಾಡ. ಹಿಂಗಂದ್ಲು ಅಂತ ಮನಸಿಗಿ ಹಚ್ಕೋಬ್ಯಾಡ ಮತ್ತ," ಅಂದಳು. ತಿಪ್ಪೇರುದ್ರಮ್ಮ ಆತವ್ವ ಅಂದಳು. ತಂಗಿ ಹೋದ ಮೇಲೆ ನೋಡಿದರೆ ಗುರೆಳ್ಳು ಒಂದು ಕಡೆ ಹೊತ್ತಿತ್ತು.

ಹೇಳಬೇಕಾದ ಮಾತೇ ಅಲ್ಲ ಅದು. ಗಂಡ ಗುರುಸಂಗಪ್ಪ ತೀರಿಕೊಂಡ ವರ್ಷದಿಂದ ಈ ಕೊಟ್ಟೂರಿನ ಮನೆಯಲ್ಲಿ ತಂಗಿಯ ಜೊತೆಗಿದ್ದಾಳೆ. ಎಷ್ಟೋ ಮದುವೆ, ಸೀಮಂತ, ತೊಟ್ಟಿಲು ಕಂಡ ಮನೆ ಇದು. ಯಾವತ್ತೂ ಯಾರೂ ಅವಳಿಗೆ ಬರಬೇಡ ಅಂದಿರಲಿಲ್ಲ. ಯಾಕಂದರೆ ಅವಳೇ ಹೋಗುತ್ತಿರಲಿಲ್ಲ. ಆರತಿಯ ತಟ್ಟೆ ಕದಲುವ ಸದ್ದಿಗೆ ಅವಳ ಕಾಲು ತಾನಾಗಿ ಅಡಿಗೆಮನೆಯ ದಿಕ್ಕು ಹಿಡಿಯುತ್ತಿತ್ತು. ಇವತ್ತು ತಂಗಿ ಬಾಯಿಬಿಟ್ಟು ಹೇಳಿದಳು ಅಂದರೆ ತನ್ನ ಕಾಲಿನ ಮೇಲೆ ಅವಳಿಗೆ ಮೊದಲಿನ ನಂಬಿಕೆ ಇಲ್ಲ. ಮಗಳಿದ್ದ ಆ ದೇಶಕ್ಕೆ ಹೋಗಿ ಬಂದ ಮೇಲೆ ತನ್ನಲ್ಲಿ ಏನೋ ಬದಲಾದದ್ದು ಮಂದಿಗೆ ಕಾಣುತ್ತಿದೆ. ಏನು ಎಂದು ಅವಳಿಗೇ ಕಾಣುತ್ತಿರಲಿಲ್ಲ. ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. ಮುಖಕ್ಕೆ ಏನಾದರೂ ಹತ್ತಿದೆಯೇನೋ ಅನ್ನುವ ಹಾಗೆ.

ಭೂಮವೆಂದರೆ, ಅರಿಶಿನದ ನೀರು ಹಾಕಿದ ಮೇಲೆ ಮುತ್ತೈದೆಯರು ಮದುಮಗಳ ಜೊತೆ ಒಂದೇ ಪರಾತದ ಸುತ್ತ ಕೂತು ಉಣ್ಣುವುದು. ಒಬ್ಬೊಬ್ಬರೂ ಹುಡುಗಿಯ ಬಾಯಿಗೆ ಒಂದೊಂದು ತುತ್ತು ಇಡುತ್ತಾರೆ. ತುತ್ತಿನ ಜೊತೆ ಇಟ್ಟವಳ ನಸೀಬೂ ಹುಡುಗಿಯ ಹೊಟ್ಟೆಗೆ ಹೋಗುತ್ತದೆ ಅಂತ ನಂಬಿಗೆ. ಹಾಗಾಗಿ ಯಾರ ಕೈ ಅನ್ನುವುದನ್ನು ನೋಡಿಯೇ ಕೂಡ್ರಿಸುತ್ತಾರೆ. ತಂಗಿಗೆ ಬೇರೆ ಅಂಜಿಕೆಯೂ ಇತ್ತು. ಗಂಡಿನ ಕಡೆಯವರು ಹರಪನಹಳ್ಳಿಯವರು, ಮಡಿ ಮೈಲಿಗೆಯಲ್ಲಿ ಬಿಗಿ. ನಿಶ್ಚಯದ ದಿನ ಗಂಡಿನ ಸೋದರತ್ತೆ ಕೊಟ್ರಬಸಮ್ಮ ಎಲೆಯಡಿಕೆ ಮಡಿಚುತ್ತ ನಗುನಗುತ್ತಲೇ ಕೇಳಿದ್ದಳು, ಅಕ್ಕಾರು ಆಫ್ರಿಕಾದಾಗ ಇದ್ದು ಬಂದಾರಂತ, ಅಲ್ಲೆ ಮಂದಿ ಹಸಿ ಮಾಂಸ ತಿಂತಾರಂತಲ್ರಿ, ನೀವೇನು ಉಂಡ್ರಿ ಅಂತ. ಎಲ್ಲರೂ ನಕ್ಕಿದ್ದರು. ತಿಪ್ಪೇರುದ್ರಮ್ಮನೂ ನಕ್ಕು, ದೋಸೆಯಂಥದ್ದು ಒಂದು ಮಾಡ್ತಾರ್ರಿ, ಅದನ್ನ ಉಂಡೆ, ಅಂದಿದ್ದಳು. ಸುಳ್ಳಲ್ಲ. ಆದರೆ ಹೇಳುವಾಗ ಸುಳ್ಳು ಹೇಳುವವರ ಹಾಗೆ ಕೈ ಎದೆಯ ಮೇಲಿನ ಕರಡಿಗೆಗೆ ಹೋಗಿ, ಒಳಗಿನ ಲಿಂಗವನ್ನು ಬಟ್ಟೆಯ ಮೇಲಿಂದಲೇ ಮುಟ್ಟಿಕೊಂಡಿತ್ತು. ಕೊಟ್ರಬಸಮ್ಮ ಆ ಕೈಯನ್ನು ನೋಡಿದ್ದನ್ನು ಅವಳೂ ನೋಡಿದ್ದಳು.

ಮಗಳು ಅಮೃತಾಳ ಗಂಡ ಅಮರೇಶ್ ಇಥಿಯೋಪಿಯಾದಲ್ಲಿ, ದೊಡ್ಡ ಕೆರೆಯ ದಂಡೆಯ ಒಂದು ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಮಗಳ ಬಾಣಂತನಕ್ಕೆಂದು ಹೋದವಳು ಕೂಸು ನಡೆಯುವವರೆಗೂ ಅಲ್ಲೇ ಉಳಿದಳು. ಮೊದಲು ಆ ದೋಸೆ ನೋಡಿದಾಗ ಅವಳಿಗೆ ನೆನಪಾದದ್ದು ಒದ್ದೆ ಗೋಣಿಚೀಲ. ಮೊರದಷ್ಟು ಅಗಲ, ಬೂದಿಯ ಬಣ್ಣ, ಮೈತುಂಬ ತೂತು, ಮುಟ್ಟಿದರೆ ತಣ್ಣಗೆ. ಹುಳಿ ವಾಸನೆ ಬೇರೆ. ಇಂಜೆರಾ ಅಂತಾರವ್ವ ಅಂತ ಅಮೃತಾ ಹೇಳಿದರೆ ಏನರ ಅನ್ಲಿ ಬಿಡು ಅಂತ ಗಂಟಿನಲ್ಲಿ ಕಟ್ಟಿಕೊಂಡು ಹೋಗಿದ್ದ ಜೋಳದ ಹಿಟ್ಟು ಬಿಚ್ಚಿ ರೊಟ್ಟಿ ಬಡಿದುಕೊಂಡಳು. ಕಾಫಿಗೆ ಉಪ್ಪು ಹಾಕಿ ಕೊಟ್ಟರು, ಮುಖ ತಿರುವಿದಳು. ಪೇಟೆಯ ದಾರಿಯಲ್ಲಿ ಕೊಕ್ಕೆಗೆ ತೂಗುಬಿಟ್ಟ ದನದ ತೊಡೆಯಿಂದ ಗಂಡಸರು ಚೂರಿಯಲ್ಲಿ ಹೆರೆದು, ಬೆಂಕಿ ಕಾಣಿಸದೆ, ಕೆಂಪು ಖಾರದ ಪುಡಿಗೆ ಅದ್ದಿ ನಿಂತಲ್ಲೇ ತಿನ್ನುತ್ತಿದ್ದುದನ್ನು ಕಂಡು ಸೆರಗು ಬಾಯಿಗಿಟ್ಟುಕೊಂಡು ಮನೆಗೆ ಓಡಿಬಂದು ತಲೆ ಮೇಲೆ ನೀರು ಸುರಿದುಕೊಂಡಳು. ಕೊಟ್ರಬಸಮ್ಮ ಕೇಳಿದ್ದರಲ್ಲಿ ತಪ್ಪಿಲ್ಲ, ಇದ್ದದ್ದನ್ನೇ ಕೇಳಿದಳು.

ಆದರೆ ಎದೆ ಒಡೆದದ್ದು ಅದನ್ನು ಕಂಡಲ್ಲ. ಹಿಟ್ಟು ತೀರಿದ ಮೇಲೆ ಅಮೃತಾ ಸಂತೆಗೆ ಕರೆದುಕೊಂಡು ಹೋದಳು. ಅಲ್ಲಿ ನೆಲದ ಮೇಲೆ ಚೀಲ ಹಾಸಿ ರಾಶಿ ಸುರಿದಿದ್ದರು. ಬಿಳಿಜೋಳ. ಅದರ ಪಕ್ಕ ಕೆಂಜೋಳ. ಅದರಾಚೆ ಅಗಸಿ. ಅದರ ಮಗ್ಗುಲಿಗೆ ಕರ್ರಗೆ, ಸಣ್ಣಗೆ, ಎಣ್ಣೆ ಹಚ್ಚಿದ ಹಾಗೆ ಮಿಂಚುವ ಗುರೆಳ್ಳು. ಇದು ಇಲ್ಲಿಗೆ ಯಾರು ತಂದರು ಅಂತ ಅಮೃತಾಳಿಂದ ಕೇಳಿಸಿದಳು. ಮಾರುವ ಹೆಂಗಸು ನೂಗ್ ಅಂದಳು, ಇಲ್ಲಿಯದೇ, ಗುಡ್ಡದ ಕಡೆಯ ಹೊಲದ್ದು ಅಂದಳು. ತಿಪ್ಪೇರುದ್ರಮ್ಮ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ಸಂತೋಷವೇ ಅಂದರೆ ಅಲ್ಲ. ಗುರೆಳ್ಳು ಅಂದರೆ ಇಟ್ಟಿಗಿ ಊರಿನ ತವರುಮನೆಯ ಹೊಲದ ಬದುವಿನ ಹಳದಿ ಹೂವು, ಅವ್ವನ ಒಳಕಲ್ಲು, ಅವ್ವ ಯಾರಿಗೂ ಹೇಳದೆ ತನಗೊಬ್ಬಳಿಗೆ ಹೇಳಿಕೊಟ್ಟ ಬೆಳ್ಳುಳ್ಳಿಯ ಅಳತೆ. ಮನೆಯ ಒಳಗಿನ ಗುಟ್ಟನ್ನು ದಾರಿಹೋಕರ ಬಾಯಲ್ಲಿ ಕೇಳಿದ ಹಾಗಾಯಿತು. ಇವರಿಗೆ ಚಟ್ನಿಯೇ ಗೊತ್ತಿಲ್ಲ. ಹುರಿದು ಕುಟ್ಟಿ ನೀರಿಗೆ ಕಲಸಿ ಸೋಸಿ ಕುಡಿಯುತ್ತಾರಂತೆ, ಉಪವಾಸದ ದಿನ ಹಾಲಿನ ಬದಲು. ನೀರಿಗೆ ಹಾಕಿದ ಗುರೆಳ್ಳು! ಹಾಗಾದರೆ ತಾನು ತನ್ನದು ಅಂದುಕೊಂಡು ಇಷ್ಟು ವರ್ಷ ಕಾಯ್ದದ್ದು ಏನು, ಯಾರಿಂದ ಕಾಯ್ದದ್ದು. ಹಿಂಗೇ ಮಾಡಬೇಕು ಎಂದು ಅವ್ವ ಹೇಳಿದ್ದು ಬೇರೆ ಹಂಗೂ ಆಗುವುದಾದರೆ, ಅವ್ವ ಹೇಳಿದ ಉಳಿದ ಮಾತುಗಳ ಗತಿ ಏನು. ಇದನ್ನು ಅಮೃತಾಳಿಗೆ ಹೇಳಲಿಕ್ಕೆ ಬರಲಿಲ್ಲ. ಬಿಸಿಲಿಗೆ ತಲೆ ತಿರುಗಿತು ಅಂದಳು.

ಹಿತ್ತಲಿನಿಂದ ಹೋಳಿಗೆ ಮಾಡಲು ಬಂದಿದ್ದ ಜೋಗಪ್ಪ ಕೂಗಿ ಹೂರಣ ಸಾಕಾಗುವುದಿಲ್ಲ ಅಂದ. ತಿಪ್ಪೇರುದ್ರಮ್ಮ ಬೆಳಗಿನ ಜಾವದಿಂದ ರುಬ್ಬಿದ್ದ ಹೂರಣದ ಎರಡನೆಯ ಪಾತ್ರೆ ಕೊಟ್ಟುಬಂದಳು. ನೀ ರುಬ್ಬಿದ್ದಕ್ಕ ನನ್ನ ಕೈ ಹೆಸರು ತಗಂತೈತಿ ನೋಡವ್ವ ಅಂತ ಅವನು ನಗೆಯಾಡಿದ. ಪಡಸಾಲೆಯಲ್ಲಿ ಪರಾತ ಇಟ್ಟ ಸದ್ದಾಯಿತು. ಅದು ಭೂಮದ ಪರಾತ, ಅವ್ವನ ಕಾಲದ್ದು, ಇಡುವಾಗ ಗಂಟೆಯ ಹಾಗೆ ಸಣ್ಣಗೆ ಮೊರೆಯುತ್ತದೆ. ಅಮೃತಾಳ ಮದುವೆಯಲ್ಲೂ ಹಾಗೇ ಮೊರೆದಿತ್ತು. ತಾಯಿಯ ಜಾಗದಲ್ಲಿ ನಾಗಲಿಂಗಮ್ಮ ಕೂತಿದ್ದಳು, ಅವಳೇ ಮೊದಲನೆಯ ತುತ್ತು ಇಟ್ಟಿದ್ದಳು. ಹೆತ್ತವಳು ಬಾಗಿಲ ಸಂದಿಯಿಂದ ನೋಡುತ್ತ, ಹುಡುಗಿಗೆ ತುಪ್ಪ ಹೆಚ್ಚಾದರೆ ಸೇರುವುದಿಲ್ಲ, ಕಡಿಮೆ ಹಚ್ಚಿರಿ ಅಂತ ಒಳಗೊಳಗೇ ಹೇಳಿಕೊಂಡಿದ್ದಳು. ಯಾರೂ ಅವಳಿಗೆ ಅನ್ಯಾಯ ಮಾಡಬೇಕು ಅಂತ ಮಾಡಿರಲಿಲ್ಲ. ಊಟಕ್ಕೆ ಕರೆದರು, ಹೊಸ ಸೀರೆ ಉಡಿಸಿದರು. ಅವಳಿಗೂ ಅನ್ಯಾಯವೆಂದು ಅನ್ನಿಸಿರಲಿಲ್ಲ. ಅನ್ನಿಸಿದ್ದು ಆಮೇಲೆ, ಅಸ್ಕಾಲೆಯ ಮನೆಯಲ್ಲಿ.

ಅಸ್ಕಾಲೆ ಅಂದರೆ ಅಮೃತಾ ಬಾಡಿಗೆಗಿದ್ದ ಮನೆಯ ಮಾಲಕಿ, ಒಂದೇ ಕಾಂಪೌಂಡಿನಲ್ಲಿ ಇದ್ದವಳು. ಕೂಸಿಗೆ ಹೆಸರಿಟ್ಟ ಮೇಲೆ ಊಟಕ್ಕೆ ಕರೆದಳು. ನಡುವೆ ಒಂದೇ ತಟ್ಟೆ, ಅದರ ತುಂಬ ಆ ಗೋಣಿಚೀಲ, ಅದರ ಮೇಲೆ ಅಲ್ಲಲ್ಲಿ ಬೇಳೆ, ಸೊಪ್ಪು, ಕಡಲೆಹಿಟ್ಟಿನ ಝುಣಕದಂಥದ್ದು. ಎಲ್ಲರ ಕೈ ಒಂದರಲ್ಲೇ. ಇದು ಭೂಮ ಅಲ್ಲವಾ ಅಂದುಕೊಂಡು ತಿಪ್ಪೇರುದ್ರಮ್ಮ ಹಿಂದಕ್ಕೆ ಸರಿದಳು. ಅಸ್ಕಾಲೆ ಒಂದು ಚೂರು ಹರಿದು, ಬೇಳೆ ಬಳಿದು, ಮಡಿಚಿ, ಹೆಬ್ಬೆರಳಿನಿಂದ ತುದಿ ಒಳಗೆ ಒತ್ತಿ, ನೇರ ಇವಳ ಬಾಯಿಯ ಮುಂದೆ ಹಿಡಿದಳು. ತಿಪ್ಪೇರುದ್ರಮ್ಮ ತುಟಿ ಬಿಗಿದು ಮುಖ ಹೊರಳಿಸಿದಳು. ಕೈ ಹಿಂದಕ್ಕೆ ಹೋಗಲಿಲ್ಲ. ಗಾಳಿಯಲ್ಲಿ ಹಾಗೇ ನಿಂತಿತ್ತು. ಅಮೃತಾ ಕಿವಿಯಲ್ಲಿ, "ಅವ್ವಾ, ಇವತ್ತು ಶುಕ್ರವಾರ, ಇವ್ರು ಮಾಂಸ ಮುಟ್ಟಂಗಿಲ್ಲ. ಬ್ಯಾಡಂದ್ರ ಕರದವ್ರ ಕೆನ್ನಿಗಿ ಹೊಡದಂಗ. ತಿಂದುಬಿಡು," ಅಂದಳು. ಬಾಯಿ ತೆರೆದಳು. ತುತ್ತಿನ ರುಚಿ ಏನಿತ್ತೋ ಗೊತ್ತಾಗಲೇ ಇಲ್ಲ. ಗೊತ್ತಾದದ್ದು ಬೆರಳು. ಬೇರೊಬ್ಬರ ಬೆರಳು ತನ್ನ ತುಟಿಗೆ ತಾಗಿತು. ತಾಳಿ ಕಟ್ಟಿದ ದಿನ ಗಂಡ ಹೆಂಡತಿ ಒಂದೇ ತಟ್ಟೆಯಲ್ಲಿ ಉಣ್ಣುವಾಗ ಗುರುಸಂಗಪ್ಪನ ಬೆರಳು ಹೀಗೇ ತಾಗಿತ್ತು, ಮಂದಿ ನೋಡುತ್ತಾರೆ ಅಂತ ಅವನು ಮಾಡಿದ ಅವಸರಕ್ಕೆ ಅರ್ಧ ಹೋಳಿಗೆ ಸೀರೆಯ ಮೇಲೆ ಬಿದ್ದಿತ್ತು. ಅದಾದ ಮೇಲೆ ಇಲ್ಲ. ಜ್ವರ ಬಂದಾಗ ಗಂಜಿ ತಂದು ಹಾಸಿಗೆಯ ಪಕ್ಕ ಇಡುತ್ತಿದ್ದರು. ಗಂಡ ಸತ್ತವಳ ಬಾಯಿಗೆ ತುತ್ತು ಇಡಬಾರದು ಅಂತ ಯಾರೂ ಹೇಳಿರಲಿಲ್ಲ, ಇಡುವ ಪ್ರಸಂಗ ಬಂದಿರಲಿಲ್ಲ, ಅಷ್ಟೇ. ಕಣ್ಣಲ್ಲಿ ನೀರು ಇಳಿಯಿತು. ಖಾರ ಹತ್ತಿತು ಅಂದುಕೊಂಡು ಅಸ್ಕಾಲೆ ನೀರು ಕೊಟ್ಟಳು. ನೀರಿಳಿಯುವ ಮೊದಲೇ ಎರಡನೆಯ ತುತ್ತು ಬಾಯಿಯ ಮುಂದೆ ಬಂದಿತ್ತು. ಸಾಕು ಅಂತ ಕೈ ಅಡ್ಡ ಹಿಡಿದರೆ ಅಸ್ಕಾಲೆ ಏನೋ ಹೇಳಿ ನಕ್ಕಳು. ಒಂದೇ ತುತ್ತಿಗೆ ನಿಲ್ಲಿಸಿದರೆ ಜಗಳ ಅಂತ, ಅವ್ವಾ, ಅಂತ ಅಮೃತಾ ತಿಳಿಸಿದಳು.

ಸಂಜೆ ಲಿಂಗಪೂಜೆಗೆ ಕೂತಾಗ ಅಂಗೈಯಲ್ಲಿ ಲಿಂಗ ಹಿಡಿದು ಬಹಳ ಹೊತ್ತು ನೋಡಿದಳು. ಅದು ಎಂದಿನ ಹಾಗೆಯೇ ಇತ್ತು, ಕರ್ರಗೆ, ತಣ್ಣಗೆ. ತಪ್ಪಾಯಿತೋ ಇಲ್ಲವೋ ಅದರ ಮೈಯಲ್ಲಿ ಏನೂ ಕಾಣಲಿಲ್ಲ. ಆಮೇಲೆ ಅವರು ಮಾಂಸ ಮುಟ್ಟದ ಬುಧವಾರ ಶುಕ್ರವಾರ ಅವಳೇ ಅಸ್ಕಾಲೆಯ ಮನೆಗೆ ಗುರೆಳ್ಳು ಚಟ್ನಿ ಒಯ್ಯತೊಡಗಿದಳು. ಅವರು ಅದನ್ನು ಇಂಜೆರಾದ ಮೇಲೆ ಸುರಿದುಕೊಂಡು ತಿಂದು ತಲೆದೂಗಿದರು. ತುತ್ತು ಮಡಿಚಲು ಕಲಿತಳು, ಎದುರು ಕೂತವರ ಬಾಯಿಗೆ ಕೊಡಲು ಕಲಿತಳು. ಅಸ್ಕಾಲೆಯೂ ಗಂಡ ಸತ್ತವಳೆಂದು ತಿಳಿದದ್ದು ತಡವಾಗಿ. ಒಂದು ವರ್ಷ ಕರಿಬಟ್ಟೆ ಉಟ್ಟು ತೆಗೆದಿಟ್ಟಳಂತೆ, ಆಮೇಲೆ ಎಲ್ಲರ ಹಾಗೆ. ಅವಳ ಅಕ್ಕನ ಮಗಳ ಮದುವೆಗೆ ಇವರೂ ಹೋಗಿದ್ದರು. ಮದುಮಗಳ ಬಾಯಿಗೆ ಅಸ್ಕಾಲೆ ತುತ್ತು ಇಟ್ಟಾಗ ತಿಪ್ಪೇರುದ್ರಮ್ಮ ಅಮೃತಾಳ ರಟ್ಟೆಯನ್ನು ಉಗುರು ನಾಟುವಂತೆ ಹಿಡಿದುಕೊಂಡಳು. ಈಗ ಏನೋ ಆಗುತ್ತದೆ, ಯಾರೋ ಏಳುತ್ತಾರೆ, ಬಾಜಾ ನಿಲ್ಲುತ್ತದೆ ಅಂತ ಕಾದಳು. ಏನೂ ಆಗಲಿಲ್ಲ. ಹುಡುಗಿ ನುಂಗಿ ಬಾಯಿ ಒರೆಸಿಕೊಂಡಳು. ಬಾಜಾ ನಡೆದೇ ಇತ್ತು. ಏನೂ ಆಗಲಿಲ್ಲವಲ್ಲ ಅನ್ನುವುದನ್ನೇ ಅವಳಿಂದ ಅರಗಿಸಿಕೊಳ್ಳಲಾಗಲಿಲ್ಲ. ಎರಡು ದಿನ ಊಟ ಸೇರಲಿಲ್ಲ.

"ಯಾರರ ತುಪ್ಪ ತರ್ರೆವ್ವ," ಎಂದು ಪಡಸಾಲೆಯಿಂದ ಕೂಗು ಬಂತು. ಅಡಿಗೆಮನೆಯಲ್ಲಿ ಅವಳನ್ನು ಬಿಟ್ಟು ಬೇರೆ ಯಾರೂ ಇರಲಿಲ್ಲ. ಹೆಂಗಸರೆಲ್ಲ ಭೂಮದ ಸುತ್ತ ಇದ್ದರು. ಇನ್ನೊಮ್ಮೆ ಕೂಗಿದರು. ತಂಬಿಗೆ ತೆಗೆದುಕೊಂಡು ಹೊಸ್ತಿಲ ತನಕ ಹೋಗಿ ಅಲ್ಲೇ ಕೊಟ್ಟು ಬರುವುದು ಅಂದುಕೊಂಡೇ ಹೊರಟಳು. ಹೊಸ್ತಿಲಲ್ಲಿ ಕೈ ಚಾಚಲು ಯಾರೂ ಇರಲಿಲ್ಲ. ಪರಾತದ ಸುತ್ತ ಮುತ್ತೈದೆಯರು ಕೂತಿದ್ದರು, ಮದುಮಗಳು ಗೀತಾಂಜಲಿಯ ಬಲಕ್ಕೆ ಮಾತ್ರ ಒಂದು ಜಾಗ ಖಾಲಿ. ಹೊಳಲಿನ ಪಕ್ಕೀರಮ್ಮ ಬರಬೇಕಿತ್ತು, ಬಸ್ಸು ಹಗರಿಬೊಮ್ಮನಹಳ್ಳಿಯಲ್ಲೇ ನಿಂತಿದೆಯೆಂದು ಫೋನು ಬಂದಿತ್ತು. ಗಂಡಿನ ಕಡೆಯಿಂದ ಬಂದಿದ್ದ, ಮೊಣಕಾಲು ನೋವಿನ ಕೊಟ್ರಬಸಮ್ಮ ಕುರ್ಚಿಯ ಮೇಲೆ ಕೂತು ನೋಡುತ್ತಿದ್ದಳು. ಗೀತಾಂಜಲಿ ಮುಖ ಕೈ ಎಲ್ಲ ಅರಿಶಿನವಾಗಿ, ಬೆಳಗಿನಿಂದ ಏನೂ ತಿನ್ನದೆ ಸೊರಗಿದ್ದಳು. ಎತ್ತಿ ಆಡಿಸಿದ ಕೂಸು, ಜ್ವರ ಬಂದರೆ ದೊಡ್ಡವ್ವನ ತೊಡೆಯೇ ಬೇಕು ಅನ್ನುತ್ತಿದ್ದ ಹುಡುಗಿ. ಇವಳನ್ನು ಕಂಡು, ತುಪ್ಪ ಇಲ್ಲಿ ಹಾಕು ದೊಡ್ಡವ್ವ ಅಂದಳು. ಬಗ್ಗಿ ತುಪ್ಪ ಎರೆಯಬೇಕೆಂದರೆ ಸೊಂಟ ಬಗ್ಗಲಿಲ್ಲ, ಖಾಲಿ ಜಾಗದಲ್ಲಿ ಕೂತಳು. ಕೂತು ಎರೆದಳು. ಎದುರಿಗೆ ಒಂದೇ ತಟ್ಟೆ, ಸುತ್ತ ಕೈಗಳು, ನಡುವೆ ಹರಿದ ಹೋಳಿಗೆ. ಅವಳ ಬಲಗೈ ಹೋಳಿಗೆಯ ಚೂರು ಹರಿದು, ತುಪ್ಪಕ್ಕೆ ಒತ್ತಿ, ಮಡಿಚಿ, ಹೆಬ್ಬೆರಳಿನಿಂದ ತುದಿ ಒಳಗೆ ಸೇರಿಸಿ ಗೀತಾಂಜಲಿಯ ಬಾಯಿಗೆ ಒಯ್ದಿತು. ಹುಡುಗಿ ಬಾಯಿ ತೆರೆದಳು. ಬೆರಳು ತುಟಿಗೆ ತಾಗಿತು. ಆಗಿಹೋಗಿತ್ತು.

ಬಳೆಗಳ ಸದ್ದು ನಿಂತಿತು. ನಾಗಲಿಂಗಮ್ಮನ ಮುಖದ ರಕ್ತ ಇಳಿಯುವುದನ್ನು ತಿಪ್ಪೇರುದ್ರಮ್ಮ ನೋಡಿದಳು, ತಮ್ಮ ಅವ್ವ ಸತ್ತಾಗಲೂ ಆ ಮುಖ ಹಾಗಾಗಿರಲಿಲ್ಲ. ಕೊಟ್ರಬಸಮ್ಮ ದನಿ ಎತ್ತರಿಸಲಿಲ್ಲ. "ನಾಗಲಿಂಗಮ್ಮಾರ, ಇದು ನಿಮ್ಮನಿ ಪದ್ಧತಿ ಏನ್ರಿ?"

ನಾಗಲಿಂಗಮ್ಮ ಮರೆತು ಮಾಡಿದ್ದಾಳ್ರಿ ಅಂದಳು, ಆ ದೇಶದಲ್ಲಿ ಕೈಗೆ ರೂಢಿ ಬಿದ್ದಿದೆ, ಬುದ್ಧಿಪೂರ್ವಕ ಮಾಡುವವಳಲ್ಲ ನಮ್ಮಕ್ಕ, ಅಂದಳು. ಆಮೇಲೆ ಇವಳ ಕಡೆ ತಿರುಗಿ, "ಯಕ್ಕಾ, ಮರತು ಮಾಡ್ದೆ ಅಂತ ಹೇಳು. ಒಂದು ಮಾತು ಹೇಳಿ ಎದ್ದು ಒಳಗ ಹೋಗು," ಅಂದಳು. ಕೊಟ್ರಬಸಮ್ಮನೂ ತಲೆಯಾಡಿಸಿ, ಮರತಿದ್ರ ಆತು ಬಿಡ್ರಿ, ವಯಸ್ಸಾದವ್ರು, ನಮಗೂ ಆಗತೈತಿ ಅಂದಳು. ಬಾಗಿಲು ತೆರೆದೇ ಇತ್ತು. ಒಂದು ಮಾತು ಹೇಳಿದರೆ ತಂಗಿಯ ಮನೆಯ ಮದುವೆ ಉಳಿಯುತ್ತದೆ, ಹುಡುಗಿಗೆ ನಾಳೆ ಆ ಮನೆಯಲ್ಲಿ ಚುಚ್ಚುಮಾತು ತಪ್ಪುತ್ತದೆ, ತಾನು ಗುರೆಳ್ಳಿನ ಬಾಣಲೆಗೆ ಮರಳಬಹುದು. ಯಾರೋ ಒಬ್ಬಳು ಗೀತಾಂಜಲಿಯ ಗದ್ದದ ಕೆಳಗೆ ಬಟ್ಟಲು ಹಿಡಿದು, ಉಗುಳವ್ವ ಇದ್ರಾಗ, ಬಾಯಿ ಮುಕ್ಕಳಿಸು, ಅಂದಳು. ಹುಡುಗಿ ಅಗಿಯಲೂ ಇಲ್ಲ, ಉಗುಳಲೂ ಇಲ್ಲ. ಕೆನ್ನೆ ಉಬ್ಬಿಸಿಕೊಂಡು ದೊಡ್ಡವ್ವನನ್ನೇ ನೋಡುತ್ತಿದ್ದಳು.

ತಿಪ್ಪೇರುದ್ರಮ್ಮನಿಗೆ ಆ ಬಟ್ಟಲು ಕಂಡಿತು. ಪರಾತದ ತುಂಬ ಇದ್ದದ್ದು ತಾನೇ ರುಬ್ಬಿದ ಹೂರಣ, ಅದನ್ನು ಎಲ್ಲರೂ ಉಂಡಿದ್ದಾರೆ, ಕೊಟ್ರಬಸಮ್ಮ ರುಚಿಯಾಗಿದೆ ಅಂದಿದ್ದಾಳೆ. ಒಲೆಯಿಂದ ಪರಾತದ ತನಕ ಬರಬಹುದಾದ ಕೈ ಪರಾತದಿಂದ ಬಾಯಿಯ ತನಕದ ಒಂದು ಗೇಣಿನಲ್ಲಿ ಕೆಟ್ಟುಹೋಯಿತು. ಮರೆತೇ ಮಾಡಿದೆನಾ. ಮರೆತೆ ಅನ್ನಲಿಕ್ಕೆ ಬಾಯಿ ತೆರೆದಳು. ಆದರೆ ಹೆಬ್ಬೆರಳು ತುದಿಯನ್ನು ಒಳಗೆ ಒತ್ತಿದ್ದು ನೆನಪಿತ್ತು. ಒತ್ತುವಾಗ ಎದುರಿಗಿದ್ದವಳು ಗೀತಾಂಜಲಿ, ಇದು ಕೊಟ್ಟೂರು ಎಂಬುದೂ ನೆನಪಿತ್ತೇನೋ. ಇತ್ತು ಅಂತ ಹೇಳಲಾಗಲಿಲ್ಲ, ಇರಲಿಲ್ಲ ಅಂತಲೂ ಹೇಳಲಾಗಲಿಲ್ಲ. ತನ್ನ ನಸೀಬು ಆ ತುತ್ತಿನ ಜೊತೆ ಹುಡುಗಿಯ ಹೊಟ್ಟೆಗೆ ಇಳಿದರೆ ಎಂಬ ಭಯ ಎದ್ದಿತು, ಅದು ನಿಜವಾದ ಭಯ, ಮಂದಿಯದಲ್ಲ, ಅವಳದೇ. ಅದರ ಹಿಂದೆಯೇ ಬಾಜಾ ನಿಲ್ಲದೆ ನಡೆದಿದ್ದ ಆ ಮದುವೆ ಕಣ್ಣಿಗೆ ಕಟ್ಟಿತು. ಒಂದೇ ತುತ್ತಿಗೆ ನಿಲ್ಲಿಸಿದರೆ ಜಗಳ. ಇಲ್ಲಿ ಈಗ ಆಗಿರುವುದು ಅದೇ.

ಪರಾತಕ್ಕೆ ಕೈ ಹಾಕಿ ಹೋಳಿಗೆಯ ಇನ್ನೊಂದು ಚೂರು ಹರಿದಳು. ಈ ಸಲ ಎಲ್ಲರೂ ನೋಡುತ್ತಿದ್ದರು, ಅವಳೂ ನೋಡುತ್ತಿದ್ದಳು. ತುಪ್ಪ ಕಡಿಮೆ ಹಚ್ಚಿದಳು. ಮಡಿಚಿದಳು. ತುದಿ ಒಳಗೆ ಒತ್ತಿದಳು. ಯಕ್ಕಾ ಅಂದಳು ನಾಗಲಿಂಗಮ್ಮ, ಕೂಗಲಿಲ್ಲ, ಸಣ್ಣ ಹುಡುಗಿಯಾಗಿದ್ದಾಗ ಕತ್ತಲೆಯಲ್ಲಿ ಕರೆಯುತ್ತಿದ್ದ ಹಾಗೆ ಕರೆದಳು. ಕೊಟ್ರಬಸಮ್ಮ ಕುರ್ಚಿಯ ಕೈ ಹಿಡಿದು ಎದ್ದು ನಿಂತಳು. ತುತ್ತು ಗೀತಾಂಜಲಿಯ ಬಾಯಿಯ ಮುಂದೆ ಹೋಗಿ ನಿಂತಿತು. ಗಾಳಿಯಲ್ಲಿ ಹಿಡಿದ ಕೈ ಇಷ್ಟು ಭಾರವಾಗುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವತ್ತು ತಾನು ಮುಖ ಹೊರಳಿಸಿ ಕೂತಾಗ ಅಸ್ಕಾಲೆಯ ರಟ್ಟೆಯೂ ಹೀಗೇ ನೊಂದಿರಬೇಕು. ತುಪ್ಪದ ಒಂದು ಹನಿ ಮೊಣಕೈಗೆ ಇಳಿಯಿತು.

ಗೀತಾಂಜಲಿ ಗದ್ದದ ಕೆಳಗಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ಅಗಿಯತೊಡಗಿದಳು. ಬಾಯಿ ತುಂಬಿತ್ತು, ಮಾತು ಬರುವಂತಿರಲಿಲ್ಲ. ಅಗಿಯುತ್ತಲೇ ಅರಿಶಿನದ ಅಂಗೈ ಎತ್ತಿ, ತಡಿ, ಇದು ಇಳೀಲಿ, ಅನ್ನುವ ಹಾಗೆ ತೋರಿಸಿದಳು.

ತಿಪ್ಪೇರುದ್ರಮ್ಮ ಕೈ ಇಳಿಸದೆ ಕಾದಳು.